1870ರ ಗೋಡೆಯ ಆಚೆಗಿರುವ ಮುತ್ತಜ್ಜಿಯರು

1860ರ ಅಮೆರಿಕದ ಜನಗಣತಿಯಲ್ಲಿ ದಕ್ಷಿಣದ ರಾಜ್ಯಗಳಿಗೆ ಎರಡು ಬಗೆಯ ಹಾಳೆಗಳಿದ್ದವು. ಮೊದಲನೆಯದು ಸ್ವತಂತ್ರರದ್ದು. ಮನೆಯಲ್ಲಿರುವ ಪ್ರತಿಯೊಬ್ಬರ ಹೆಸರು, ವಯಸ್ಸು, ಕಸುಬು, ಹುಟ್ಟಿದ ರಾಜ್ಯ ಎಲ್ಲವೂ ಅದರಲ್ಲಿ ಸಿಗುತ್ತವೆ. ತೊಟ್ಟಿಲ ಕೂಸಿನ ಹೆಸರು ಕೂಡ. ಎರಡನೆಯದು ಗುಲಾಮರದ್ದು. ಎಡಗಡೆಗೆ ಒಡೆಯನ ಹೆಸರು. ಅದರ ಪಕ್ಕದಲ್ಲಿ ಸಾಲಾಗಿ ಇಳಿಯುವ ವಿವರಗಳು: 45, ಗಂಡು, ಕಪ್ಪು. 38, ಹೆಣ್ಣು, ಕಪ್ಪು. 12, ಹೆಣ್ಣು, ಮಿಶ್ರ ಬಣ್ಣ. 1, ಗಂಡು, ಕಪ್ಪು. ಓಡಿಹೋದವರಿಗೆ ಒಂದು ಕಾಲಂ ಇದೆ. ಬಿಡುಗಡೆ ಆದವರಿಗೆ ಒಂದು. ಕುರುಡರು, ಕಿವುಡರು, ಬುದ್ಧಿ ಸ್ಥಿಮಿತ ಇಲ್ಲದವರಿಗೆ ಒಂದು. ಅವರ ಗುಡಿಸಲುಗಳು ಎಷ್ಟು ಅನ್ನುವುದಕ್ಕೂ ಒಂದು. ಹೆಸರಿಗೆ ಜಾಗವೇ ಇಲ್ಲ.

ಆ ಸಲ ಹೀಗೆ ಎಣಿಸಿದ್ದು 39 ಲಕ್ಷಕ್ಕೂ ಜಾಸ್ತಿ ಜನರನ್ನು. ನೂರು ವರ್ಷ ತುಂಬಿದವರಿದ್ದರೆ ಅವರ ಹೆಸರು ಬರೆಯಿರಿ ಅಂತ ಗಣತಿದಾರರಿಗೆ ಒಂದು ಸೂಚನೆ ಇತ್ತು. ಅಂದರೆ ಗುಲಾಮಗಿರಿಯಲ್ಲಿ ನೂರು ವರ್ಷ ಬದುಕಿದ್ದರೆ ಮಾತ್ರ ಸರ್ಕಾರದ ಆ ಹಾಳೆಯಲ್ಲಿ ಹೆಸರು. ಇದನ್ನು ಬರೆಯುವಾಗ ಈಗಲೂ ನನ್ನ ಕೈ ತಡೆಯುತ್ತದೆ.

ನಾನು ಈ ಹಾಳೆಗಳ ಹಿಂದೆ ಬಿದ್ದದ್ದು ಪಕ್ಕದ ಮನೆಯವರಿಂದಾಗಿ. ನಾವಿರುವುದು ಮೇರಿಲ್ಯಾಂಡಿನಲ್ಲಿ. ಅವರು ಆಫ್ರಿಕನ್ ಅಮೆರಿಕನ್ ಹಿರಿಯರು, ನರ್ಸ್ ಆಗಿ ನಿವೃತ್ತರಾದವರು. ಇಲ್ಲಿನ ರೂಢಿಯಂತೆ ನಾನು ಅವರ ಹೆಸರಿಗೆ 'ಮಿಸ್' ಸೇರಿಸಿ ಕರೆಯುತ್ತೇನೆ. ಅವರು ನನ್ನನ್ನು 'ಬೇಬಿ' ಅಂತಾರೆ, ನನ್ನ ತಲೆಕೂದಲು ನೆರೆತಿದ್ದರೂ. ಅವರ ತಾತನ ಕಾಲದಲ್ಲಿ ಮನೆಯವರೆಲ್ಲ ನಾರ್ತ್ ಕ್ಯಾರೊಲೈನಾದ ಪೂರ್ವ ಭಾಗದಿಂದ ಬಾಲ್ಟಿಮೋರಿಗೆ ಬಂದರಂತೆ. ಅದಕ್ಕೂ ಹಿಂದಿನವರು ಯಾರು ಅಂತ ತಿಳಿದುಕೊಳ್ಳಬೇಕು ಅನ್ನುವ ಆಸೆ ಅವರಿಗೆ. ಹಳೆಯ ಕೈಬರಹ ಓದುವುದು ಕಣ್ಣಿಗೆ ಕಷ್ಟ. ಹಾಗಾಗಿ ನಾನು ಓದುತ್ತೇನೆ, ಅವರು ಕೇಳುತ್ತಾರೆ.

ನಾನು ಹುಟ್ಟಿದ್ದು ಧಾರವಾಡದ ಕಡೆಯ ಹಳ್ಳಿಯಲ್ಲಿ. ಸುಗ್ಗಿ ಮುಗಿದ ಮೇಲೆ ನಮ್ಮಲ್ಲಿಗೆ ಹೆಳವರು ಬರುತ್ತಿದ್ದರು. ಎತ್ತಿನ ಮೇಲೆ ಬಂದು ಮನೆ ಮುಂದೆ ನಿಂತು ಮುತ್ತಜ್ಜನಿಂದ ಹಿಡಿದು ಎಲ್ಲರ ಹೆಸರನ್ನೂ ಹೇಳೋರು. ಅಪ್ಪ ಕಾಳು ಹಾಕಿ ಕೈಮುಗಿಯೋರು. ಮನೆತನದ ಹೆಸರುಗಳನ್ನು ಯಾರೋ ಒಬ್ಬರು ಎಲ್ಲೋ ಜೋಪಾನವಾಗಿ ಇಟ್ಟಿರುತ್ತಾರೆ ಅನ್ನುವುದು ನನಗೆ ಅಷ್ಟು ಸಹಜವಾಗಿತ್ತು. ಆ ಹಾಳೆಯನ್ನು ಮೊದಲ ಸಲ ತೆರೆದಾಗ ಅದಕ್ಕೇ ಇರಬೇಕು, ಅಷ್ಟು ಬಲವಾಗಿ ತಟ್ಟಿದ್ದು.

ಹೆಸರು ಯಾಕೆ ಬರೆಯಲಿಲ್ಲ? ಈ ಪ್ರಶ್ನೆ ಹಿಡಿದು ಹೋದರೆ ಇಡೀ ಹುಡುಕಾಟದ ಕೀಲಿಕೈ ಸಿಗುತ್ತದೆ ಅಂತ ನನಗೀಗ ಅನಿಸುತ್ತದೆ. ಪ್ರತಿ ಕಾಗದವೂ ಯಾವುದೋ ಒಂದು ಕೆಲಸಕ್ಕಾಗಿ ಹುಟ್ಟಿರುತ್ತದೆ. ಅಮೆರಿಕದ ಸಂವಿಧಾನದ ಪ್ರಕಾರ ಗುಲಾಮರ ಸಂಖ್ಯೆಯ ಐದರಲ್ಲಿ ಮೂರು ಭಾಗವನ್ನು ರಾಜ್ಯದ ಜನಸಂಖ್ಯೆಗೆ ಸೇರಿಸಿ, ಅದರ ಮೇಲೆ ಸಂಸತ್ತಿನ ಸೀಟುಗಳನ್ನು ಹಂಚುತ್ತಿದ್ದರು. ಆ ಲೆಕ್ಕಕ್ಕೆ ತಲೆಗಳ ಸಂಖ್ಯೆ ಸಾಕು. ಹೆಸರು ಬೇಕಿರಲಿಲ್ಲ. 1850ರ ಗಣತಿಗೆ ಮುಂಚೆ, ಗುಲಾಮರ ಹೆಸರನ್ನೂ ಬರೆಯೋಣ ಅನ್ನುವ ಪ್ರಸ್ತಾಪ ಬಂದಿತ್ತು. ದಕ್ಷಿಣದ ಸೆನೆಟರುಗಳು ಬೇಡವೇ ಬೇಡ ಅಂದರು. ಹೆಸರಿನ ಜಾಗಕ್ಕೆ ಸಂಖ್ಯೆ ಬಂತು. ಆ ಚರ್ಚೆಯ ದಿನ ಕೆಲವರು ಬೇರೆ ಥರ ಕೈ ಎತ್ತಿದ್ದರೆ ಇವತ್ತು ಲಕ್ಷಾಂತರ ಮನೆಗಳಿಗೆ ತಮ್ಮ ಮುತ್ತಜ್ಜಿಯರ ಹೆಸರು ಗೊತ್ತಿರುತ್ತಿತ್ತು.

ಹುಡುಕಾಟ ಯಾವಾಗಲೂ ಈಚೆಯಿಂದ ಆಚೆಗೆ ಹೋಗುತ್ತದೆ. ಗಣತಿಯ ಹಾಳೆಗಳನ್ನು 72 ವರ್ಷ ಗುಟ್ಟಾಗಿಟ್ಟು ಆಮೇಲೆ ಬಿಡುತ್ತಾರೆ. 1950ರದ್ದು ಬಂದಿದ್ದು 2022ರ ಏಪ್ರಿಲ್ 1ಕ್ಕೆ. ಅಲ್ಲಿಂದ ಹತ್ತತ್ತು ವರ್ಷ ಹಿಂದೆ ಇಳಿಯಬೇಕು. 1900ರ ಹಾಳೆ ನನಗೆ ತುಂಬ ಇಷ್ಟ. ಹುಟ್ಟಿದ ತಿಂಗಳು, ವರ್ಷ, ಮದುವೆಯಾಗಿ ಎಷ್ಟು ವರ್ಷ ಎಲ್ಲ ಬರೆದಿರುತ್ತಾರೆ. ಹೆಂಗಸರನ್ನು ಇನ್ನೂ ಒಂದು ಮಾತು ಕೇಳುತ್ತಿದ್ದರು: ಎಷ್ಟು ಮಕ್ಕಳನ್ನು ಹೆತ್ತೆ, ಎಷ್ಟು ಉಳಿದಿವೆ? ನಮ್ಮ ಪಕ್ಕದ ಮನೆಯವರ ಮುತ್ತಜ್ಜಿಯ ಸಾಲಿನಲ್ಲಿ 11 ಮತ್ತು 6 ಅಂತ ಇತ್ತು. ನಾನು ಓದಿದೆ. ಅವರು ಸ್ವಲ್ಪ ಹೊತ್ತು ಬಿಟ್ಟು, "ಉಳಿದ ಐದು ಮಕ್ಕಳ ಬಗ್ಗೆ ನಮ್ಮನೆಯಲ್ಲಿ ಯಾರೂ ಯಾವತ್ತೂ ಹೇಳಲೇ ಇಲ್ಲ" ಅಂದರು.

1890ರದ್ದು ಬಹುತೇಕ ಇಲ್ಲವೇ ಇಲ್ಲ. 1921ರ ಜನವರಿಯಲ್ಲಿ ವಾಷಿಂಗ್ಟನ್ನಿನ ವಾಣಿಜ್ಯ ಇಲಾಖೆಯ ಕಟ್ಟಡಕ್ಕೆ ಬೆಂಕಿ ಬಿತ್ತು. ಸುಟ್ಟದ್ದು ಸ್ವಲ್ಪ, ನೀರು ಬಿದ್ದು ಹಾಳಾದದ್ದು ಜಾಸ್ತಿ. ಉಳಿದಿದ್ದನ್ನು ನಾಶ ಮಾಡಲು 1933ರ ಫೆಬ್ರವರಿಯಲ್ಲಿ ಒಪ್ಪಿಗೆ ಸಿಕ್ಕಿತು. ದೇಶದ ಹಳೆಯ ದಾಖಲೆಗಳನ್ನು ಕಾಪಾಡುವ ನ್ಯಾಷನಲ್ ಆರ್ಕೈವ್ಸ್ ಕಟ್ಟಡಕ್ಕೆ ಅಡಿಗಲ್ಲು ಹಾಕಿದ್ದೂ ಅದೇ ತಿಂಗಳು. ಆರು ಕೋಟಿಗೂ ಜಾಸ್ತಿ ಜನರ ವಿವರದಲ್ಲಿ ಉಳಿದದ್ದು ಸುಮಾರು ಆರು ಸಾವಿರ ಹೆಸರು. ಹಾಗಾಗಿ 1900ರಿಂದ 1880ಕ್ಕೆ ಒಂದೇ ಹಾರು ಹಾರಬೇಕು. ನಡುವಿನ ಇಪ್ಪತ್ತು ವರ್ಷದಲ್ಲಿ ಹೆಣ್ಣುಮಕ್ಕಳು ಮದುವೆಯಾಗಿ ಹೆಸರು ಬದಲಾಗಿರುತ್ತದೆ, ಹಿರಿಯರು ತೀರಿಕೊಂಡಿರುತ್ತಾರೆ, ಮನೆಯೇ ಬೇರೆ ಕೌಂಟಿಗೆ, ಅಂದರೆ ಜಿಲ್ಲೆಗೆ, ಹೋಗಿರುತ್ತದೆ.

ಆಮೇಲೆ ಬರುತ್ತದೆ 1870. ಉತ್ತರ ಮತ್ತು ದಕ್ಷಿಣದ ರಾಜ್ಯಗಳ ನಡುವೆ ನಡೆದ ಅಮೆರಿಕದ ಅಂತರ್ಯುದ್ಧ ಮುಗಿದು, ಗುಲಾಮಗಿರಿ ಕೊನೆಗೊಂಡು ಐದು ವರ್ಷ. ಬಿಡುಗಡೆಯಾದ ಎಲ್ಲರ ಹೆಸರನ್ನೂ ಬರೆದ ಮೊದಲ ಗಣತಿ ಇದು. ಯಾರು ಯಾರಿಗೆ ಏನಾಗಬೇಕು ಅನ್ನುವ ಕಾಲಂ ಬಂದದ್ದು 1880ರಲ್ಲಿ. ಹಾಗಾಗಿ 1870ರ ಒಂದು ಮನೆಯಲ್ಲಿ ಆರು ಹೆಸರಿದ್ದರೆ ಅವರು ಅಪ್ಪ, ಅಮ್ಮ, ಮಕ್ಕಳೋ ಅಥವಾ ಯುದ್ಧದ ಗದ್ದಲದಲ್ಲಿ ಒಂದೇ ಸೂರಿನಡಿ ಸೇರಿಕೊಂಡ ಬಂಧು-ಬಳಗವೋ ಹಾಳೆ ಹೇಳುವುದಿಲ್ಲ. ಆದರೂ ಹೆಸರಿದೆ. ಅದಕ್ಕಿಂತ ಹಿಂದೆ ಹೋದರೆ 35, ಗಂಡು, ಕಪ್ಪು. ವಂಶ ಹುಡುಕುವವರು ಇದನ್ನು 1870ರ ಗೋಡೆ ಅಂತಲೇ ಕರೆಯುತ್ತಾರೆ.

ಗೋಡೆ ದಾಟಬೇಕಾದರೆ ಒಡೆಯನ ಹೆಸರು ಗೊತ್ತಾಗಬೇಕು. ಇದು ನನಗೆ ಅರಗಿಸಿಕೊಳ್ಳಲು ಬಹಳ ಕಷ್ಟವಾದ ಮಾತು. ತನ್ನ ಅಜ್ಜಿಯನ್ನು ಹುಡುಕಲು ಹೊರಟವರು ಅಜ್ಜಿಯನ್ನು ಕೊಂಡುಕೊಂಡವನ ವಂಶವನ್ನು ಮೊದಲು ಬರೆದುಕೊಳ್ಳಬೇಕು. ಅವನ ಅಪ್ಪ ಯಾರು, ಹೆಂಡತಿ ಯಾವ ಮನೆಯವಳು, ತವರಿನಿಂದ ಏನು ತಂದಳು, ಸತ್ತಾಗ ಸಾಲ ಎಷ್ಟಿತ್ತು. ಗುಲಾಮರು ಆಸ್ತಿ. ಆಸ್ತಿ ಹೋದ ದಾರಿಯಲ್ಲೇ ಅವರೂ ಹೋದರು. ಸಾಲದ್ದಕ್ಕೆ ಅಡ್ಡಹೆಸರಿನ ತೊಡಕು. ಬಿಡುಗಡೆಯಾದ ಮೇಲೆ ಎಲ್ಲರೂ ಕೊನೆಯ ಒಡೆಯನ ಹೆಸರನ್ನೇ ಇಟ್ಟುಕೊಂಡರು ಅಂತ ತುಂಬ ಜನ ತಿಳಿದಿದ್ದಾರೆ. ಆದರೆ ಹಾಗಲ್ಲ. ಎಷ್ಟೋ ಮಂದಿ ಅದಕ್ಕೂ ಹಿಂದಿನ ಒಡೆಯನ ಹೆಸರು ಹಿಡಿದರು, ಯಾಕೆಂದರೆ ತಾಯಿ ಆ ತೋಟದವಳಾಗಿದ್ದಳು. ಕೆಲವರು ಗುಲಾಮಗಿರಿಯ ಕಾಲದಲ್ಲೇ ತಮ್ಮೊಳಗೆ ಗುಟ್ಟಾಗಿ ಉಳಿಸಿಕೊಂಡು ಬಂದ ಹೆಸರನ್ನು ಹೊರಗೆ ಹೇಳಿದರು. ಇನ್ನು ಕೆಲವರು ತಮಗೆ ಬೇಕಾದ ಹೆಸರನ್ನು ಆರಿಸಿಕೊಂಡರು.

ಇಲ್ಲಿಂದ ಮುಂದೆ ಕಾಗದಗಳ ಲೋಕ ದೊಡ್ಡದಾಗುತ್ತದೆ. ಯಾವುದು ಯಾಕೆ ಹುಟ್ಟಿತು ಅಂತ ಕೇಳುತ್ತಾ ಹೋದರೆ ಯಾವುದರಲ್ಲಿ ಹೆಸರು ಸಿಗಬಹುದು ಅನ್ನುವುದು ತಾನಾಗಿ ಹೊಳೆಯುತ್ತದೆ.

1865ರ ಮಾರ್ಚ್‌ನಲ್ಲಿ ಫ್ರೀಡ್‌ಮನ್ಸ್ ಬ್ಯಾಂಕ್ ಶುರುವಾಯಿತು. ಬಿಡುಗಡೆಯಾದವರು ದುಡಿದ ಕಾಸನ್ನು ಇಟ್ಟುಕೊಳ್ಳಲಿ ಅಂತ ಮಾಡಿದ ಬ್ಯಾಂಕು. ಖಾತೆ ತೆರೆಯಲು ಬಂದವರಿಗೆ ಸಹಿ ಬರುವುದಿಲ್ಲ, ಗುರುತಿನ ಚೀಟಿ ಇಲ್ಲ. ಇವರೇ ಅವರು ಅಂತ ನಾಳೆ ಗುರುತು ಹಿಡಿಯುವುದು ಹೇಗೆ? ಅದಕ್ಕೆ ಗುಮಾಸ್ತ ಪ್ರಶ್ನೆ ಕೇಳಿ ಬರೆದುಕೊಳ್ಳುತ್ತಿದ್ದ. ಎಲ್ಲಿ ಹುಟ್ಟಿದ್ದು? ಹಿಂದಿನ ಒಡೆಯ ಯಾರು? ಯಾವ ತೋಟ? ಗಂಡ ಅಥವಾ ಹೆಂಡತಿಯ ಹೆಸರು? ಮಕ್ಕಳು? ಅಪ್ಪ, ಅಮ್ಮ, ಅಣ್ಣ-ತಮ್ಮಂದಿರು, ಅಕ್ಕ-ತಂಗಿಯರು? ಗುರುತು ಹಿಡಿಯುವ ಸಲುವಾಗಿ ಹುಟ್ಟಿದ ಆ ಪುಸ್ತಕಗಳಲ್ಲಿ ಇಡೀ ಮನೆತನಗಳು ಕೂತಿವೆ. ಕೆಲವು ಸಾಲುಗಳಲ್ಲಿ ಅಣ್ಣನ ಹೆಸರಿನ ಮುಂದೆ 'ಮಾರಿಬಿಟ್ಟರು' ಅಂತ ಇರುತ್ತದೆ, ಅಷ್ಟೇ.

ಬ್ಯಾಂಕು 1874ರಲ್ಲಿ ಮುಳುಗಿತು. ಕೊನೆಯ ತಿಂಗಳುಗಳಲ್ಲಿ ಅದರ ಅಧ್ಯಕ್ಷರಾಗಿದ್ದವರು ಫ್ರೆಡರಿಕ್ ಡಗ್ಲಾಸ್. ಸ್ವತಃ ಮೇರಿಲ್ಯಾಂಡಿನ ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದ ಮಹಾನುಭಾವರು. ಅವರು ಬರುವ ಹೊತ್ತಿಗೆ ಒಳಗೆ ಹುಳು ಹಿಡಿದಿತ್ತು. 61 ಸಾವಿರ ಜನರ ಸುಮಾರು 30 ಲಕ್ಷ ಡಾಲರ್ ಸಿಕ್ಕಿಹಾಕಿಕೊಂಡಿತು. ಹಣ ಹೋಯಿತು, ಪುಸ್ತಕಗಳು ಉಳಿದವು. ಅವುಗಳಲ್ಲಿರುವ ಸುಮಾರು 4 ಲಕ್ಷ 80 ಸಾವಿರ ಹೆಸರುಗಳನ್ನು ಓದಿ ಅಕಾರಾದಿಯಾಗಿ ಜೋಡಿಸಿದ್ದು ಯಾರು ಗೊತ್ತಾ? ಯೂಟಾ ರಾಜ್ಯದ ಜೈಲಿನ ಕೈದಿಗಳು. ಹನ್ನೊಂದು ವರ್ಷ ಕೂತು ಮಾಡಿದ ಕೆಲಸ. 2001ರಲ್ಲಿ ಅದು ಜನರ ಕೈಗೆ ಬಂತು. ಈ ಕೈದಿಗಳ ಬಗ್ಗೆ ಯೋಚಿಸಿದಾಗಲೆಲ್ಲ ನನಗೆ ಅವರ ಮೇಲೆ ದೊಡ್ಡ ಗೌರವ ಮೂಡುತ್ತದೆ. ನಾರ್ತ್ ಕ್ಯಾರೊಲೈನಾದ ನ್ಯೂಬರ್ನ್ ಶಾಖೆಯ ಪುಸ್ತಕದಲ್ಲಿ ನಮ್ಮ ಪಕ್ಕದ ಮನೆಯವರ ಕಡೆಯವರು ಸಿಗಲಿಲ್ಲ. ಆದರೆ ಅದನ್ನು ಓದಿದ ಸಂಜೆಗಳು ವ್ಯರ್ಥವಾದವು ಅಂತ ನಮಗಿಬ್ಬರಿಗೂ ಅನಿಸಿಲ್ಲ.

ಸೈನಿಕರ ಪಿಂಚಣಿ ಕಡತಗಳದ್ದು ಇನ್ನೊಂದು ಬಗೆ. ಉತ್ತರದ ಸೈನ್ಯದಲ್ಲಿ ಸುಮಾರು 1 ಲಕ್ಷ 79 ಸಾವಿರ ಕಪ್ಪು ಸೈನಿಕರಿದ್ದರು. ಸೈನಿಕ ಸತ್ತರೆ ಅವನ ಹೆಂಡತಿ ಪಿಂಚಣಿಗೆ ಅರ್ಜಿ ಹಾಕಬೇಕು, ಮದುವೆಯಾಗಿದ್ದಕ್ಕೆ ಪುರಾವೆ ಕೊಡಬೇಕು. ಗುಲಾಮರ ಮದುವೆಗೆ ಕಾನೂನಿನ ಮಾನ್ಯತೆಯೇ ಇರಲಿಲ್ಲ. ಹಾಗಾಗಿ ಸಾಕ್ಷಿಗಳು ಬಂದರು. ಹೆರಿಗೆ ಮಾಡಿಸಿದ ಸೂಲಗಿತ್ತಿ, ಜೊತೆಗೆ ಹೊಲದಲ್ಲಿ ದುಡಿದವರು, ಒಂದೇ ತುಕಡಿಯ ಗೆಳೆಯರು. ಅವರ ಮಾತುಗಳನ್ನು ಅಧಿಕಾರಿ ಬರೆದುಕೊಂಡ. ಒಬ್ಬ ವಿಧವೆಯನ್ನು ಅನುಮಾನದಿಂದ ಪ್ರಶ್ನಿಸಿದ ಕಾಗದ ಇವತ್ತು ಅವಳ ಮರಿಮಕ್ಕಳಿಗೆ ಸಿಗುವ ಅತ್ಯಂತ ವಿವರವಾದ ಕತೆ.

ಹುಡುಕಾಟ ಇವತ್ತಿನ ನಮ್ಮದಷ್ಟೇ ಅಂದುಕೊಳ್ಳಬೇಡಿ. ಬಿಡುಗಡೆಯಾದ ದಿನದಿಂದಲೇ ಅವರು ಒಬ್ಬರನ್ನೊಬ್ಬರು ಹುಡುಕಿದರು. ಕಾಲ್ನಡಿಗೆಯಲ್ಲಿ ಹುಡುಕಿದರು, ಪತ್ರ ಬರೆಸಿದರು, ಪತ್ರಿಕೆಗಳಿಗೆ ಜಾಹೀರಾತು ಕೊಟ್ಟರು. ನ್ಯೂ ಆರ್ಲಿಯನ್ಸ್‌ನ ಸೌತ್‌ವೆಸ್ಟರ್ನ್ ಕ್ರಿಶ್ಚಿಯನ್ ಅಡ್ವೊಕೇಟ್ ಪತ್ರಿಕೆಯಲ್ಲಿ 'ಲಾಸ್ಟ್ ಫ್ರೆಂಡ್ಸ್' (ಕಳೆದುಹೋದ ಆಪ್ತರು) ಅನ್ನುವ ಅಂಕಣವೇ ಇತ್ತು. ಚಂದಾದಾರರಿಗೆ ಪುಕ್ಕಟೆ, ಉಳಿದವರಿಗೆ 50 ಸೆಂಟ್. ಇವನ್ನು ಚರ್ಚಿನ ಪೀಠದಿಂದ ಓದಿ ಹೇಳಿ ಅಂತ ಪಾದ್ರಿಗಳಿಗೆ ಪತ್ರಿಕೆ ಕೇಳಿಕೊಳ್ಳುತ್ತಿತ್ತು. ಈ ಪತ್ರಗಳಿಗೆ ಒಂದು ಧಾಟಿ ಇದೆ. ನನ್ನ ತಾಯಿಯ ಹೆಸರು ಇದು, ನಾವು ಇಂಥವನ ಕೈಯಲ್ಲಿದ್ದೆವು, ಅವನು ಸತ್ತಾಗ ನಮ್ಮನ್ನು ಹಂಚಿದರು, ತಂಗಿ ಇನ್ನೂ ಎದೆಹಾಲು ಕುಡಿಯುತ್ತಿದ್ದಳು, ನನ್ನನ್ನು ಟೆಕ್ಸಾಸಿಗೆ ತಂದರು. ಕೊನೆಗೆ ತಮ್ಮ ವಿಳಾಸ. ಬೇರೆಯಾಗಿ ಮೂವತ್ತು ನಲವತ್ತು ವರ್ಷ ಕಳೆದ ಮೇಲೂ ಬರೆಯುತ್ತಿದ್ದರು. ಒಡೆಯರ ಹೆಸರು, ಕೈ ಬದಲಾದ ಕ್ರಮ, ಕೌಂಟಿಯ ಹೆಸರು ಎಲ್ಲ ನೆನಪಿನಿಂದಲೇ. ಹೆಳವರ ಕೆಲಸವನ್ನು ಪ್ರತಿಯೊಬ್ಬ ಮಗ, ಮಗಳು ತಾವೇ ಹೊತ್ತಿದ್ದರು.

ಹಡಗಿನ ಪಟ್ಟಿಗಳೂ ಇವೆ. ಹೊರದೇಶದಿಂದ ಗುಲಾಮರನ್ನು ತರುವುದು 1808ರಿಂದ ನಿಷಿದ್ಧವಾಯಿತು. ದೇಶದೊಳಗಿನ ಮಾರಾಟ ಮಾತ್ರ ನಡೆದೇ ಇತ್ತು. ಒಂದು ಬಂದರಿನಿಂದ ಇನ್ನೊಂದಕ್ಕೆ ಸಾಗಿಸುವಾಗ, ಇವರು ಹೊಸದಾಗಿ ಹೊರಗಿನಿಂದ ತಂದವರಲ್ಲ ಅಂತ ತೋರಿಸಲು ಪಟ್ಟಿ ಕೊಡಬೇಕಿತ್ತು. ಹೆಸರು, ವಯಸ್ಸು, ಎತ್ತರ, ಬಣ್ಣ.

ಇಂಥ ಕಾಗದಗಳೆಲ್ಲ ಒಂದಕ್ಕೊಂದು ಕೂಡಿಬಂದ ಪ್ರಸಂಗ ನಮ್ಮ ಮೇರಿಲ್ಯಾಂಡಿನಲ್ಲೇ ಇದೆ. ಇಲ್ಲಿನ ಜೆಸ್ವಿಟ್ ಪಾದ್ರಿಗಳಿಗೆ ತೋಟಗಳಿದ್ದವು, ದುಡಿಯಲು ಗುಲಾಮರಿದ್ದರು. 1838ರಲ್ಲಿ ಅವರು 272 ಜನರನ್ನು ಲೂಯಿಸಿಯಾನಾದ ಇಬ್ಬರಿಗೆ 1,15,000 ಡಾಲರಿಗೆ ಮಾರಿದರು. ಆ ಹಣದ ಒಂದು ಭಾಗ ಜಾರ್ಜ್‌ಟೌನ್ ಕಾಲೇಜಿನ (ಈಗ ಅದು ವಿಶ್ವವಿದ್ಯಾಲಯ) ಸಾಲಕ್ಕೆ ಹೋಯಿತು. ಮಾರಾಟದ ಪತ್ರದಲ್ಲಿ ಹೆಸರುಗಳಿವೆ. ಮೊದಲ ಹೆಸರು ಐಸಾಕ್, ವಯಸ್ಸು 65. ಆತನ ಪೂರ್ತಿ ಹೆಸರು ಐಸಾಕ್ ಹಾಕಿನ್ಸ್. ಹೋದವರು ಕ್ಯಾಥೊಲಿಕರಾಗಿದ್ದರು, ಲೂಯಿಸಿಯಾನಾದಲ್ಲೂ ಹಲವರು ಆ ನಂಬಿಕೆಯನ್ನು ಬಿಡಲಿಲ್ಲ. ಹಾಗಾಗಿ ದೀಕ್ಷಾಸ್ನಾನ, ಮದುವೆಯ ದಾಖಲೆಗಳು ಚರ್ಚುಗಳಲ್ಲಿ ಉಳಿದವು. 13 ವರ್ಷಕ್ಕೆ ಮಾರಾಟವಾದ ಕಾರ್ನೀಲಿಯಸ್ ಹಾಕಿನ್ಸ್ ಅನ್ನುವ ಹುಡುಗ 1870ರ ಗಣತಿಯಲ್ಲಿ ಹೆಂಡತಿ ಮಕ್ಕಳೊಂದಿಗೆ ಸ್ವತಂತ್ರ ಕೂಲಿಯಾಗಿ ಸಿಗುತ್ತಾನೆ. ಅವರ ವಂಶಸ್ಥರು ಇವತ್ತಿಗೂ ಲೂಯಿಸಿಯಾನಾದ ಮ್ಯಾರಿಂಗ್ವಿನ್ ಅನ್ನುವ ಊರಿನಲ್ಲಿದ್ದಾರೆ. ಮಾರಾಟ ಮಾಡಿಸಿದ ಪಾದ್ರಿ ಥಾಮಸ್ ಮುಲೆಡಿಯ ಹೆಸರಿದ್ದ ವಿಶ್ವವಿದ್ಯಾಲಯದ ಕಟ್ಟಡಕ್ಕೆ 2017ರಲ್ಲಿ ಐಸಾಕ್ ಹಾಕಿನ್ಸ್ ಹೆಸರಿಟ್ಟರು.

ಇಷ್ಟು ಅಚ್ಚುಕಟ್ಟಾಗಿ ಎಲ್ಲರಿಗೂ ಸಿಗುವುದಿಲ್ಲ. ದೊಡ್ಡ ಸಂಸ್ಥೆ ಮಾರಿದ್ದರಿಂದ ಕಾಗದ ಉಳಿಯಿತು. ಹತ್ತು ಜನರನ್ನು ಇಟ್ಟುಕೊಂಡಿದ್ದ ಸಣ್ಣ ರೈತನ ಕಾಗದ ಎಲ್ಲಿ ಉಳಿಯುತ್ತದೆ? ಕೌಂಟಿ ಕೋರ್ಟುಗಳು ಯುದ್ಧದಲ್ಲಿ ಸುಟ್ಟವು. ಕೆಲವು ವರ್ಜೀನಿಯಾ ಕೌಂಟಿಗಳು ಜೋಪಾನವಾಗಿರಲಿ ಅಂತ ದಕ್ಷಿಣದವರ ರಾಜಧಾನಿಯಾಗಿದ್ದ ರಿಚ್‌ಮಂಡಿಗೆ ಕಳಿಸಿದ ದಾಖಲೆಗಳು 1865ರ ಏಪ್ರಿಲ್‌ನಲ್ಲಿ ಆ ಊರಿನ ಜೊತೆಗೇ ಸುಟ್ಟುಹೋದವು.

ನಮಗೆ ಸಿಕ್ಕ ಎಳೆ ಬೇರೆ ಕಡೆಯಿಂದ ಬಂತು. 1866ರಲ್ಲಿ ನಾರ್ತ್ ಕ್ಯಾರೊಲೈನಾ ಒಂದು ಕಾನೂನು ಮಾಡಿತು. ಗುಲಾಮಗಿರಿಯಲ್ಲಿ ಗಂಡ-ಹೆಂಡತಿಯಾಗಿ ಬಾಳಿದವರು ಅಧಿಕಾರಿಯ ಮುಂದೆ ಬಂದು ಹೇಳಿ ಬರೆಸಿದರೆ ಅದು ಮದುವೆ ಅಂತ ದಾಖಲಾಗುತ್ತದೆ. ಶುಲ್ಕ 25 ಸೆಂಟ್. ಎಷ್ಟು ಕಾಲದಿಂದ ಜೊತೆಗಿದ್ದೀರಿ ಅನ್ನುವುದನ್ನೂ ಬರೆಯುತ್ತಿದ್ದರು. ಆ ಪುಸ್ತಕದ ಒಂದು ಪುಟದಲ್ಲಿ, ಪಕ್ಕದ ಮನೆಯವರ ಕಡೆಯ 1870ರ ಮನೆಯಲ್ಲಿದ್ದ ಅದೇ ಗಂಡ, ಅದೇ ಹೆಂಡತಿ ಸಿಕ್ಕರು. ಎದುರಿಗೆ 22 ವರ್ಷ ಅಂತ ಬರೆದಿತ್ತು. ನಾನು ಸಾಲನ್ನು ಬೆರಳಿಟ್ಟು ತೋರಿಸಿದೆ. ಅವರು ಕನ್ನಡಕ ಮೇಲೆತ್ತಿ, ಪರದೆಗೆ ಮುಖ ಹತ್ತಿರ ತಂದು ತಾವೇ ಓದಿದರು. "ಇಪ್ಪತ್ತೆರಡು ವರ್ಷ ಯಾರದೋ ಮಾತಿನ ಮೇಲೆ ನಿಂತ ಸಂಸಾರ. ಯಾವ ದಿನ ಬೇಕಾದರೂ ಬೇರೆ ಮಾಡಬಹುದಿತ್ತು, ಅಲ್ವಾ ಬೇಬಿ?" ಅಂದರು. ಆಮೇಲೆ ಬಹಳ ಹೊತ್ತು ನಕ್ಕರು, ಖುಷಿಯಿಂದ. ಆ ಇಬ್ಬರೂ 25 ಸೆಂಟ್ ಹೊಂದಿಸಿಕೊಂಡು ಕೋರ್ಟಿಗೆ ನಡೆದುಹೋದದ್ದನ್ನು ನೆನೆದು.

1870ರ ಗಣತಿಯಲ್ಲಿ ಅವರ ಮನೆಯ ಹಿಂದುಮುಂದಿನ ಪುಟಗಳಲ್ಲಿದ್ದ ಜಮೀನುದಾರರ ಹೆಸರುಗಳನ್ನು ಬರೆದುಕೊಂಡೆವು. ಬಿಡುಗಡೆಯಾದವರಲ್ಲಿ ತುಂಬ ಜನ ದೂರ ಹೋಗಲಿಲ್ಲ. ಆ ಜಮೀನುದಾರರಲ್ಲೊಬ್ಬನ 1860ರ ಗುಲಾಮರ ಹಾಳೆಯಲ್ಲಿ ಒಬ್ಬ ಹೆಂಗಸು ಮತ್ತು ಮೂವರು ಮಕ್ಕಳ ವಯಸ್ಸು ನಾವು ಹುಡುಕುತ್ತಿರುವ ಮನೆಯವರಿಗೆ ಹೊಂದುತ್ತದೆ. ಗಂಡ ಆ ಹಾಳೆಯಲ್ಲಿಲ್ಲ. ಪಕ್ಕದ ತೋಟದವನಾಗಿರಬಹುದು. ವಯಸ್ಸು ಹೊಂದಿದ ಮಾತ್ರಕ್ಕೆ ಇವರೇ ಅವರು ಅನ್ನುವಂತಿಲ್ಲ. ವಯಸ್ಸನ್ನು ಹೇಳಿದ್ದು ಒಡೆಯ, ಅದೂ ಅಂದಾಜಿನ ಮೇಲೆ. ವಂಶವೃಕ್ಷದಲ್ಲಿ ಆ ಕೊಂಬೆಯನ್ನು ನಾವು ಇನ್ನೂ ಪೆನ್ಸಿಲಿನಲ್ಲೇ ಬರೆದಿದ್ದೇವೆ.

ಈಗ ನೋಡಬೇಕಾಗಿರುವುದು ಆ ಜಮೀನುದಾರನ ಅಪ್ಪನ ಆಸ್ತಿ ಹಂಚಿಕೆಯ ಕಾಗದಗಳನ್ನು. ನಾರ್ತ್ ಕ್ಯಾರೊಲೈನಾದ ಹಳೆಯ ಕೌಂಟಿಗಳ ಇಂಥ ಕಾಗದಗಳು ರಾಲಿಯ ರಾಜ್ಯ ಪತ್ರಾಗಾರದಲ್ಲಿವೆ. ಈ ಪಟ್ಟಿಗಳಲ್ಲಿ ಹೆಸರಿರುತ್ತದೆ, ಯಾಕೆಂದರೆ ಯಾವ ಮಗನಿಗೆ ಯಾರು ಅನ್ನುವುದು ಮುಂದೆ ಜಗಳವಾಗಬಾರದು. ಕುದುರೆ, ಹಾಸಿಗೆ, ಜೋಳದ ರಾಶಿಯ ನಡುವೆ ಹೆಸರು, ಹೆಸರಿನ ಮುಂದೆ ಬೆಲೆ. ತಾಯಿ ಮತ್ತು ಕೂಸನ್ನು ಒಂದೇ ಸಾಲಿನಲ್ಲಿ ಬರೆದಿರುತ್ತಾರೆ. ಅಪ್ಪನ ಹೆಸರು ಸಿಗುವುದು ಅಪರೂಪ. ವರ್ಜೀನಿಯಾ 1662ರಲ್ಲೇ ಹಾಕಿಕೊಟ್ಟ ಕಾನೂನು, ಮಗುವಿನ ಸ್ಥಿತಿ ತಾಯಿಯಂತೆ. ಗುಲಾಮಳ ಮಗು ಗುಲಾಮ, ಅಪ್ಪ ಯಾರಾದರೂ ಸರಿ, ಒಡೆಯನೇ ಆದರೂ ಸರಿ. ಅದಕ್ಕೆ ಕಾಗದದಲ್ಲಿ ವಂಶ ಹರಿದು ಬರುವುದು ಹೆಣ್ಣಿನಿಂದ ಹೆಣ್ಣಿಗೆ. ಹೆಳವರು ನಮ್ಮ ಮನೆ ಮುಂದೆ ಹೇಳುತ್ತಿದ್ದುದು ಗಂಡಸರ ಹೆಸರುಗಳನ್ನೇ. ನಮ್ಮಜ್ಜಿಯ ತಾಯಿಯ ಹೆಸರು ಇವತ್ತಿಗೂ ನನಗೆ ಗೊತ್ತಿಲ್ಲ. ಈ ಕೆಲಸಕ್ಕೆ ಕೂತ ಮೇಲೆ ಅಮ್ಮನಿಗೆ ಫೋನ್ ಮಾಡಿ ಕೇಳಿದೆ. ಅವಳಿಗೂ ನೆನಪಿಲ್ಲ.

ರಾಲಿಗೆ ಹೋಗುವುದು ಅಂತ ಆಗಿದೆ. ಪಕ್ಕದ ಮನೆಯವರ ಮೊಮ್ಮಗಳು ಕಾರು ಓಡಿಸುತ್ತಾಳೆ. ಯಾವ ಪೆಟ್ಟಿಗೆ, ಯಾವ ಕಡತ ಅಂತ ಮುಂಚೆಯೇ ಬರೆದು ಕೇಳಿದ್ದೇವೆ. ಅವರು ನನಗೆ ಒಂದೇ ಕಟ್ಟಪ್ಪಣೆ ಮಾಡಿದ್ದಾರೆ. ಪಟ್ಟಿ ಸಿಕ್ಕರೆ ನಮ್ಮವರ ಹೆಸರನ್ನಷ್ಟೇ ಬರೆದುಕೊಂಡು ಬರಬಾರದು. ಆ ಪುಟದಲ್ಲಿರುವ ಪ್ರತಿಯೊಬ್ಬರದ್ದನ್ನೂ ಬರೆಯಬೇಕು, ಬೇರೆ ಮನೆಯವರು ಹುಡುಕುತ್ತಿರುತ್ತಾರೆ. ಅದಕ್ಕಾಗಿ ಒಂದು ಎಕ್ಸೆಲ್ ಹಾಳೆ ಮಾಡಿಟ್ಟಿದ್ದೇನೆ. ಮೊದಲ ಕಾಲಂ ಹೆಸರು. ಆಮೇಲೆ ತಾಯಿಯ ಹೆಸರು, ವಯಸ್ಸು, ಯಾರ ಪಾಲಿಗೆ ಹೋದರು, ಯಾವ ವರ್ಷ. ಬೆಲೆಗೂ ಒಂದು ಕಾಲಂ ಇರಲಿ ಅಂತ ಅವರೇ ಹೇಳಿದರು, ಅದನ್ನು ಕೊನೆಗೆ ಹಾಕಿದ್ದೇನೆ.